ಬ್ರೇಕು, ಗೇರು, ಒಂದೇ ಲಿವರು

ಜಪಾನಿನ ಶಿಮಾನೊ ಕಂಪನಿ ತನ್ನ ಬಿಡಿಭಾಗಗಳ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ಸಂಕೇತಗಳಲ್ಲಿ ಸೈಕಲ್ಲಿನ ಹ್ಯಾಂಡಲ್‌ಗೆ ಸೇರಿದವು ಮುಖ್ಯವಾಗಿ ಮೂರು. ಬಿಎಲ್ ಎಂದರೆ ಬರೀ ಬ್ರೇಕ್ ಲಿವರ್, ಎಸ್‌ಎಲ್ ಎಂದರೆ ಬರೀ ಗೇರ್ ಶಿಫ್ಟರ್, ಎಸ್‌ಟಿ ಎಂದರೆ ಎರಡೂ ಕೂಡಿದ್ದು. ಮೌಂಟನ್ ಬೈಕಿನ ಹಳೆಯ ಕ್ಯಾಟಲಾಗುಗಳನ್ನು ಈ ಮೂರು ಸಂಕೇತಗಳ ಬೆನ್ನು ಹಿಡಿದು ಓದಿದರೆ ಒಂದು ವಿಚಿತ್ರ ಕಥೆ ಕಾಣುತ್ತದೆ. 1990ರ ಆಸುಪಾಸಿನಲ್ಲಿ ಎಸ್‌ಟಿ ಅತಿ ದುಬಾರಿ ಶ್ರೇಣಿಯಲ್ಲಿ ಠೀವಿಯಿಂದ ಬಂದು ಕೂರುತ್ತದೆ. ಆ ದಶಕದ ದ್ವಿತೀಯಾರ್ಧದಲ್ಲಿ ಹಿಂದೆ ಸರಿಯುತ್ತದೆ. 2003ರಲ್ಲಿ ಪೂರ್ತಿ ಹೊಸ ವೇಷದಲ್ಲಿ ಮರಳಿ ಬಂದು, 2010ರ ಹೊತ್ತಿಗೆ ಮೇಲಿನ ಶ್ರೇಣಿಗಳಿಂದ ಮತ್ತೆ ಮಾಯವಾಗುತ್ತದೆ. ಇವತ್ತು ಅದು ಉಳಿದಿರುವುದು ಶಾಲಾಮಕ್ಕಳು ಆಸೆಪಟ್ಟು ಕೊಳ್ಳುವ ಅಗ್ಗದ ಗೇರ್ ಸೈಕಲ್ಲುಗಳಲ್ಲಿ. ಆದರೆ ರಸ್ತೆಯ ರೇಸಿಂಗ್ ಸೈಕಲ್ಲಿನಲ್ಲಿ ಅದೇ ಎಸ್‌ಟಿ 1990ರಲ್ಲಿ ಪಟ್ಟಕ್ಕೇರಿತು, ಈವರೆಗೆ ಇಳಿದಿಲ್ಲ. ಕಂಪನಿ ಒಂದೇ, ಕಲ್ಪನೆಯೂ ಒಂದೇ. ಡಾಂಬರಿನ ಮೇಲೆ ಗೆದ್ದದ್ದು ಮಣ್ಣುದಾರಿಯಲ್ಲಿ ಎರಡೆರಡು ಸಲ ಏಕೆ ಸೋತಿತು ಎಂಬುದು ಕೇಳಬೇಕಾದ ಪ್ರಶ್ನೆ. ಸವಾರರ ಹಳೆಯ ಅಭ್ಯಾಸ, ಹಟಮಾರಿತನ ಎಂದು ಹೇಳಿ ಕೈತೊಳೆದುಕೊಂಡರೆ ಅದಕ್ಕೆ ಉತ್ತರ ಸಿಗುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ‘ಕೂಡು ಲಿವರ್’ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದರಲ್ಲಿ ಬ್ರೇಕ್ ಲಿವರ್ ತನ್ನ ಪಾಡಿಗೆ ತಾನಿರುತ್ತದೆ, ಹೆಬ್ಬೆರಳಿನಿಂದ ಒತ್ತುವ ಗೇರ್ ಲಿವರೂ ತನ್ನ ಪಾಡಿಗೆ ತಾನಿರುತ್ತದೆ. ಆದರೆ ಇವೆರಡರ ಒಡಲು ಒಂದೇ, ಹ್ಯಾಂಡಲ್‌ಗೆ ಬಿಗಿಯುವ ಕ್ಲಾಂಪೂ ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಚ್ಚಿಹಾಕಲು ಬರುವುದಿಲ್ಲ. ಇದು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಇನ್ನೊಂದರಲ್ಲಿ ಬ್ರೇಕ್ ಹಿಡಿಯುವ ಲಿವರೇ ಗೇರನ್ನೂ ಬದಲಿಸುತ್ತದೆ. ನಿಮ್ಮ ಕಡೆಗೆ ಎಳೆದರೆ ಬ್ರೇಕು, ಮೇಲಕ್ಕೋ ಕೆಳಕ್ಕೋ ತಟ್ಟಿದರೆ ಗೇರು. ಶಿಮಾನೊ ಇದನ್ನು ಡ್ಯುಯಲ್ ಕಂಟ್ರೋಲ್ ಎಂದು ಕರೆಯಿತು. ಇಲ್ಲಿ ಒಲೆಯೂ ಒಂದೇ. ಮೊದಲನೆಯದರ ಮೇಲಿನ ದೂರುಗಳು ಹೆಚ್ಚಾಗಿ ರಿಪೇರಿಗೆ ಸಂಬಂಧಿಸಿದವು, ಎರಡನೆಯದರ ಮೇಲಿನ ದೂರುಗಳಲ್ಲಿ ಬೆರಳಿನ ಲೆಕ್ಕವೂ ಸೇರುತ್ತದೆ. ಇವೆರಡನ್ನೂ ಬೆರೆಸಿ ಹೊಗಳುವವರೂ ತೆಗಳುವವರೂ ಇರುವುದರಿಂದಲೇ ಈ ವ್ಯಾಜ್ಯ ಇಷ್ಟು ಎಳೆದಾಡಿದೆ. ನನ್ನ ವಾದ ಇಷ್ಟೇ: ಬ್ರೇಕಿಗೂ ಶಿಫ್ಟರಿಗೂ ಒಂದೇ ಜಾಗ ಹೊಂದುತ್ತದೆ, ಒಂದೇ ಆಯುಸ್ಸು ಹೊಂದುವುದಿಲ್ಲ. ಕೂಡು ಲಿವರು ಕೊಡುತ್ತೇನೆಂದ ಅನುಕೂಲಗಳಲ್ಲಿ ಬಹುಪಾಲು ನಿಜವಾಗಿಯೂ ಅನುಕೂಲಗಳೇ. ಅವು ಒಂದೊಂದಾಗಿ ಬಿಡಿ ಲಿವರಿಗೂ ದಕ್ಕಿದವು. ಹಾಗೆ ದಕ್ಕಿದ ಮೇಲೆ ಕೂಡಿರುವುದರ ದಂಡ ಮಾತ್ರ ಉಳಿಯಿತು.

ಮೌಂಟನ್ ಬೈಕು ಹುಟ್ಟಿದ್ದೇ ಬಿಡಿ ಭಾಗಗಳ ಸಂತೆಯಿಂದ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಗ್ಯಾರಿ ಫಿಶರ್, ಜೋ ಬ್ರೀಝ್, ಚಾರ್ಲಿ ಕೆಲ್ಲಿ ಮೊದಲಾದವರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುತ್ತಿದ್ದರು. ಒಂದು ಇಳಿಜಾರಿಗೆ ರಿಪ್ಯಾಕ್, ಅಂದರೆ ‘ಮತ್ತೆ ತುಂಬು’, ಎಂಬ ಹೆಸರೇ ಬಿತ್ತು. ಹಿಂದಕ್ಕೆ ಪೆಡಲ್ ತುಳಿದು ಹಿಡಿಯುವ ಹಬ್ ಬ್ರೇಕಿನೊಳಗಿನ ಗ್ರೀಸ್ ಕೆಳಗೆ ತಲುಪುವಷ್ಟರಲ್ಲಿ ಕಾದು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಅಲ್ಲಿಂದ ಅವರು ಮೋಟರ್ ಸೈಕಲ್ಲಿನ ಬ್ರೇಕ್ ಲಿವರ್, ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಪ್ರವಾಸಿ ಸೈಕಲ್ಲಿನ ಡಿರೈಲರ್, ಹ್ಯಾಂಡಲಿನ ಮೇಲೆ ಹೆಬ್ಬೆರಳಿನಿಂದ ತಳ್ಳುವ ಗೇರ್ ಲಿವರ್ ಎಲ್ಲವನ್ನೂ ಎಲ್ಲೆಲ್ಲಿಂದಲೋ ತಂದು ಜೋಡಿಸಿದರು. ಯಾವುದು ಮುರಿದರೂ ಅದನ್ನಷ್ಟೇ ತೆಗೆದು ಮತ್ತೊಂದು ಹಾಕುವ ಪದ್ಧತಿ ಈ ಆಟದ ರಕ್ತದಲ್ಲೇ ಇತ್ತು. 1980ರ ದಶಕದಲ್ಲಿ ಶಿಮಾನೊದ ಡಿಯೋರ್ ಎಕ್ಸ್‌ಟಿಯಂಥ ಪೂರ್ಣ ಸೆಟ್ಟುಗಳು ಬಂದವು. ಅಂದಾಜಿನಿಂದ ಗೇರ್ ಹುಡುಕುವ ಕಾಲ ಮುಗಿದು, ಒಂದು ‘ಟಿಕ್’ಗೆ ಒಂದು ಗೇರ್ ಬೀಳುವ ವ್ಯವಸ್ಥೆ ಬಂತು. ಇದು ನಿಖರತೆಯ ಕೆಲಸ. ಲಿವರ್, ಕೇಬಲ್, ಡಿರೈಲರ್, ಚೈನು ಒಂದಕ್ಕೊಂದು ಅಳತೆಯಲ್ಲಿ ಕೂಡಿಬರಬೇಕು. ಹಾಗಾಗಿ ಎಲ್ಲವನ್ನೂ ಒಬ್ಬರೇ ಮಾಡಿಕೊಡುವುದರಲ್ಲಿ ತಾಂತ್ರಿಕ ನ್ಯಾಯವೂ ಇತ್ತು, ವ್ಯಾಪಾರದ ಲಾಭವೂ ಇತ್ತು.

ಆ ವ್ಯಾಪಾರದ ಪಾಲನ್ನು ಮರೆತರೆ ಕೂಡು ಲಿವರಿನ ಮೊದಲ ಅಲೆ ಅರ್ಥವಾಗುವುದಿಲ್ಲ. 1990ರ ಸುಮಾರಿಗೆ ಶಿಮಾನೊ ಹೆಬ್ಬೆರಳಿನ ಹಳೆಯ ಲಿವರನ್ನು ಬಿಟ್ಟು, ಹ್ಯಾಂಡಲಿನ ಕೆಳಗೆ ಗುಂಡಿಯಂತೆ ಒತ್ತುವ ರ್ಯಾಪಿಡ್‌ಫೈರ್ ತಂದಿತು. ಸ್ವಲ್ಪದರಲ್ಲೇ ಅದನ್ನು ಸುಧಾರಿಸಿ, ಹೆಬ್ಬೆರಳಿನಿಂದ ಒಂದು ಕಡೆಗೆ, ತೋರುಬೆರಳಿನಿಂದ ಇನ್ನೊಂದು ಕಡೆಗೆ ಗೇರ್ ಬದಲಿಸುವ ಹಾಗೆ ಮಾಡಿತು. ಈ ಶಿಫ್ಟರುಗಳು ಬ್ರೇಕ್ ಲಿವರಿನ ಒಡಲಿಗೇ ಅಂಟಿಕೊಂಡು ಬಂದವು. 1990ರ ದಶಕದ ಆರಂಭದಲ್ಲಿ ಬಂದ, ಶಿಮಾನೊದ ಅತಿ ಮೇಲಿನ ಶ್ರೇಣಿಯ ಮೊದಲ ಎಕ್ಸ್‌ಟಿಆರ್ ಸೆಟ್ಟಿನಲ್ಲೂ ಹಾಗೆಯೇ ಇತ್ತು. ಸೈಕಲ್ ಕಟ್ಟುವ ಕಾರ್ಖಾನೆಗೆ ಇದು ವರವೇ ಸರಿ: ಬಿಗಿಯಬೇಕಾದ ಕ್ಲಾಂಪ್ ನಾಲ್ಕರ ಬದಲು ಎರಡು, ತರಿಸಬೇಕಾದ ಪೆಟ್ಟಿಗೆಯೂ ಕಡಿಮೆ. ಆದರೆ ಶಿಫ್ಟರ್ ಮಾತ್ರ ಮಾರುವವನಿಗೆ ಬಾಗಿಲು ಮುಚ್ಚಿತು. 1987ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ಸ್ರ್ಯಾಮ್ ಕಂಪನಿಯ ಬಂಡವಾಳವೆಲ್ಲ ಆಗ ಹಿಡಿಯನ್ನೇ ತಿರುಗಿಸಿ ಗೇರ್ ಬದಲಿಸುವ ಗ್ರಿಪ್ ಶಿಫ್ಟ್ ಒಂದರಲ್ಲೇ ಇತ್ತು. ಪೂರ್ಣ ಸೆಟ್ ಕೊಳ್ಳುವ ಸೈಕಲ್ ತಯಾರಕರಿಗೆ ಶಿಮಾನೊ ರಿಯಾಯಿತಿ ಕೊಡುವುದು ಅನ್ಯಾಯದ ವ್ಯಾಪಾರ ಎಂದು ಸ್ರ್ಯಾಮ್ 1990ರಲ್ಲಿ ದಾವೆ ಹೂಡಿತು. ಮರುವರ್ಷ ಅದು ನ್ಯಾಯಾಲಯದ ಹೊರಗೆ ರಾಜಿಯಾಯಿತು. ಆ ದಾವೆ ಲಿವರಿನ ಆಕಾರದ ಮೇಲೆ ಹೂಡಿದ್ದಲ್ಲ, ಬೆಲೆಯ ಮೇಲೆ. ಆದರೂ ಭಾಗಗಳನ್ನು ಬೆಸೆಯುವುದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪ್ರಶ್ನೆ ಆಗಲೇ ಎದ್ದಿತ್ತೆಂಬುದಕ್ಕೆ ಅದು ಸಾಕ್ಷಿ.

ಸವಾರನಿಗೆ ಆ ಬೆಸುಗೆಯ ಬೆಲೆ ತಿಳಿದದ್ದು 1996ರಲ್ಲಿ. ಅಲ್ಲಿಯವರೆಗೆ ಮೌಂಟನ್ ಬೈಕಿನಲ್ಲಿದ್ದದ್ದು ಕ್ಯಾಂಟಿಲಿವರ್ ಬ್ರೇಕು. ಆ ವರ್ಷ ಶಿಮಾನೊವೇ ವಿ-ಬ್ರೇಕ್ ತಂದಿತು: ಉದ್ದ ತೋಳು, ನೇರ ಕೇಬಲ್, ಎಷ್ಟೋ ಪಾಲು ಹೆಚ್ಚಿನ ಹಿಡಿತ. ಅದರ ಒಂದೇ ಷರತ್ತು ಎಂದರೆ ಲಿವರು ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ಕೇಬಲ್ ಎಳೆಯಬೇಕಿತ್ತು. ಹಳೆಯ ಲಿವರಿಗೆ ವಿ-ಬ್ರೇಕ್ ಕಟ್ಟಿದರೆ, ಲಿವರು ಹಿಡಿಗೆ ತಾಗುವವರೆಗೆ ಎಳೆದರೂ ಪ್ಯಾಡು ರಿಮ್ಮನ್ನು ಸರಿಯಾಗಿ ಕಚ್ಚದೆ ಹೋಗಬಹುದು. ಬಿಡಿ ಲಿವರ್ ಇದ್ದವನು ಒಂದು ಜೊತೆ ಹೊಸ ಬ್ರೇಕ್ ಲಿವರ್ ಕೊಂಡು ನಿರಾಳನಾದ. ಕೂಡು ಲಿವರಿನವನು ಚೆನ್ನಾಗಿ ಕೆಲಸ ಮಾಡುತ್ತಿದ್ದ ಶಿಫ್ಟರನ್ನೂ ಕಳಚಿ ಎಸೆಯಬೇಕಾಯಿತು. ಇದಾದ ಕೆಲವೇ ವರ್ಷಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಬಂತು. ಕೇಬಲ್ ಹೋಗಿ ಎಣ್ಣೆ ಬಂದಾಗ ಮತ್ತೆ ಅದೇ ಪಾಡು. ಇತ್ತ ಗೇರಿನ ಪಕ್ಕದಲ್ಲಿ ಬೇರೆಯೇ ಗಡಿಯಾರ ಓಡುತ್ತಿತ್ತು. ಹಿಂದಿನ ಚಕ್ರದ ಹಲ್ಲುಗಾಲಿಗಳು ಏಳರಿಂದ ಎಂಟಾದವು, 1999ರಲ್ಲಿ ಒಂಬತ್ತು, 2009ರಲ್ಲಿ ಸ್ರ್ಯಾಮ್‌ನ ಎಕ್ಸ್‌ಎಕ್ಸ್ ಸೆಟ್ಟಿನಲ್ಲಿ ಹತ್ತು, 2012ರಲ್ಲಿ ಹನ್ನೊಂದು, 2016ರಲ್ಲಿ ಹನ್ನೆರಡು. ಒಂದೊಂದು ಹಲ್ಲುಗಾಲಿ ಹೆಚ್ಚಿದಾಗಲೂ ಬೇಕಾದದ್ದು ಬೇರೆ ಶಿಫ್ಟರು, ಬ್ರೇಕ್ ಲಿವರಿಗೆ ಅದರ ಗೊಡವೆಯಿಲ್ಲ. ಬ್ರೇಕು ಬದಲಾದ ವರ್ಷಗಳಲ್ಲಿ ಗೇರು ಬದಲಾಗಲಿಲ್ಲ, ಗೇರು ಬದಲಾದ ವರ್ಷಗಳಲ್ಲಿ ಬ್ರೇಕು ಬದಲಾಗಲಿಲ್ಲ. ಹೀಗೆ ಬೇರೆ ಬೇರೆ ಪಂಚಾಂಗ ನೋಡುವ ಇಬ್ಬರಿಗೆ ಒಂದೇ ಮುಹೂರ್ತ ಇಡುವುದು ಹೇಗೆ?

ಸವೆತದ ಲೆಕ್ಕವೂ ಬೇರೆ. ಬ್ರೇಕ್ ಲಿವರಿನಲ್ಲಿರುವುದು ಒಂದು ತಿರುಗಣಿ, ಹೈಡ್ರಾಲಿಕ್ ಆದರೆ ಒಂದು ಪಿಸ್ಟನ್, ಒಂದಿಷ್ಟು ಎಣ್ಣೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಎಣ್ಣೆ ಬದಲಿಸಿ ಗಾಳಿ ತೆಗೆದರೆ ಬಹುಕಾಲ ಬಾಳುತ್ತದೆ. ಶಿಫ್ಟರಿನ ಒಳಗಿರುವುದು ಗಡಿಯಾರದ ಕುಲಕ್ಕೆ ಸೇರಿದ ಯಂತ್ರ: ಸಣ್ಣ ಸ್ಪ್ರಿಂಗುಗಳು, ಹಲ್ಲುಬಿಲ್ಲೆ, ಅದನ್ನು ಹಿಡಿದು ನಿಲ್ಲಿಸುವ ಕೊಕ್ಕೆಗಳು. ಹಳೆಯ ರ್ಯಾಪಿಡ್‌ಫೈರ್‌ಗಳ ಪ್ರಸಿದ್ಧ ಕಾಯಿಲೆಯೆಂದರೆ ಒಳಗಿನ ಗ್ರೀಸು ಗಟ್ಟಿಯಾಗಿ ಕೊಕ್ಕೆ ತನ್ನ ಜಾಗಕ್ಕೆ ಬೀಳದಿರುವುದು. ಒತ್ತಿದರೆ ಲಿವರು ಸುಮ್ಮನೆ ಹೋಗಿ ಬರುತ್ತದೆ, ಗೇರು ಕದಲುವುದಿಲ್ಲ. ತೆಳುವಾದ ಎಣ್ಣೆ ಹೊಯ್ದು ಹಳೆಯ ಗ್ರೀಸ್ ಕರಗಿಸಿದರೆ ಎಷ್ಟೋ ಸಲ ಜೀವ ಬರುತ್ತದೆ, ಕೊಕ್ಕೆಯೋ ಸ್ಪ್ರಿಂಗೋ ಮುರಿದಿದ್ದರೆ ಬರುವುದಿಲ್ಲ. ಆಗ ಸರಿಯಿದ್ದ ಬ್ರೇಕ್ ಲಿವರೂ ಗುಜರಿಗೆ. ಬಿದ್ದಾಗಲೂ ಹೀಗೆಯೇ. ಮೌಂಟನ್ ಬೈಕ್ ಸವಾರಿಯಲ್ಲಿ ಬೀಳುವುದು ಲೆಕ್ಕದೊಳಗೇ ಸೇರಿದ ಸಂಗತಿ. ಬಿದ್ದಾಗ ಬಂಡೆಗೆ ಮೊದಲು ಬಡಿಯುವುದು ಹೊರಕ್ಕೆ ಚಾಚಿದ ಬ್ರೇಕ್ ಲಿವರು. ಅದು ಮುರಿಯುವಾಗ ಶಿಫ್ಟರನ್ನೂ ಜೊತೆಗೆ ಕರೆದೊಯ್ಯಬೇಕೆಂದು ಕೂಡು ಲಿವರು ವಿಧಿಸುತ್ತದೆ.

ಇಷ್ಟೆಲ್ಲ ದೋಷವಿದ್ದರೆ ರಸ್ತೆ ಸೈಕಲ್ಲಿನಲ್ಲಿ ಇದೇ ಕಲ್ಪನೆ ಏಕೆ ಎದುರಿಲ್ಲದೆ ನಿಂತಿತು ಎಂಬುದು ಗಟ್ಟಿಯಾದ ಆಕ್ಷೇಪ. ಅಲ್ಲಿಯೂ ಹಲ್ಲುಗಾಲಿಗಳು ಹೆಚ್ಚಿದವು, ಅಲ್ಲಿಯೂ ಡಿಸ್ಕ್ ಬಂತು, ಅಲ್ಲಿಯೂ ಬೀಳುತ್ತಾರೆ. ಉತ್ತರ ಇರುವುದು ಕೈ ಎಲ್ಲಿ ಕೂತಿರುತ್ತದೆ ಎಂಬುದರಲ್ಲಿ. ಟಗರಿನ ಕೊಂಬಿನಂತೆ ಬಾಗಿದ ರೇಸಿಂಗ್ ಹ್ಯಾಂಡಲಿನಲ್ಲಿ ಮೊದಲು ಗೇರ್ ಲಿವರುಗಳು ಇದ್ದದ್ದು ಮೊಣಕಾಲಿನ ಹತ್ತಿರ, ಫ್ರೇಮಿನ ಕೆಳಕೊಳವೆಯ ಮೇಲೆ. ಗೇರ್ ಬದಲಿಸಲು ಒಂದು ಕೈ ಹ್ಯಾಂಡಲ್ ಬಿಡಲೇಬೇಕು. ಗುಂಪಿನ ನಡುವೆ, ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಅದು ಆಗದ ಮಾತು. 1990ರಲ್ಲಿ ಶಿಮಾನೊ ತಂದ ಕೂಡು ಲಿವರು ಡ್ಯುರಾ-ಏಸ್ ಎಸ್‌ಟಿಐ, ಅದರ ಬೆನ್ನಲ್ಲೇ 1992ರಲ್ಲಿ ಇಟಲಿಯ ಕ್ಯಾಂಪಗ್ನೋಲೊ ತಂದ ಎರ್ಗೊಪವರ್ ಆ ಕೊರತೆಯನ್ನು ಒಂದೇ ಏಟಿಗೆ ನೀಗಿದವು. ಅಷ್ಟು ದೊಡ್ಡ ಲಾಭಕ್ಕೆ ರಿಪೇರಿಯ ದಂಡ ಕಟ್ಟಲು ಸವಾರರು ಸಂತೋಷದಿಂದ ಒಪ್ಪಿದರು. ಮೌಂಟನ್ ಬೈಕಿನ ನೇರ ಹ್ಯಾಂಡಲಿನಲ್ಲಿ ಆ ಕೊರತೆಯೇ ಇರಲಿಲ್ಲ. ಹೆಬ್ಬೆರಳಿನಿಂದ ಒಂದಂಗುಲ ದೂರದಲ್ಲಿ ಶಿಫ್ಟರು ಮೊದಲಿನಿಂದಲೂ ಕೂತೇ ಇತ್ತು, ಕೈ ಎತ್ತುವ ಪ್ರಮೇಯವೇ ಇಲ್ಲ. ಇನ್ನೊಂದು ಮಾತು: ಬಾಗಿದ ಹ್ಯಾಂಡಲಿನಲ್ಲಿ ಲಿವರಿನ ದಿಂಬೇ ಕೈ ಊರುವ ತಾಣ. ಬೆರಳು ತಲುಪುವ ಜಾಗ ಅದೊಂದೇ, ಇದ್ದದ್ದೆಲ್ಲ ಅಲ್ಲೇ ಸೇರಬೇಕು. ನೇರ ಹ್ಯಾಂಡಲಿನಲ್ಲಿ ಹಿಡಿಯ ಸುತ್ತ, ಮೇಲೆ, ಕೆಳಗೆ ಬೇಕಾದಷ್ಟು ಜಾಗ ಬಿದ್ದಿದೆ.

2003ರ ಹೊಸ ಎಕ್ಸ್‌ಟಿಆರ್ ಜೊತೆ ಬಂದ ಡ್ಯುಯಲ್ ಕಂಟ್ರೋಲ್ ಇದನ್ನೆಲ್ಲ ಅರಿಯದೆ ಮಾಡಿದ ತಪ್ಪೆಂದು ಹೇಳಿದರೆ ಶಿಮಾನೊದ ಎಂಜಿನಿಯರುಗಳಿಗೆ ಅನ್ಯಾಯ. ಅವರದೂ ಒಂದು ತರ್ಕವಿತ್ತು, ತಳ್ಳಿಹಾಕುವಂಥದ್ದಲ್ಲ. ಮಣ್ಣುದಾರಿಯಲ್ಲಿ ಹೆಬ್ಬೆರಳು ಹಿಡಿಯನ್ನು ಸುತ್ತಿ ಬೀಗ ಹಾಕಿದಂತಿರಬೇಕು. ಗೇರಿಗಾಗಿ ಅದನ್ನು ಬಿಡಿಸಿದರೆ ಆ ಕ್ಷಣದ ಹಿಡಿತ ಸಡಿಲ. ಬ್ರೇಕಿನ ಮೇಲೆ ಹೇಗೂ ಒಂದೆರಡು ಬೆರಳು ಸದಾ ಇರುತ್ತದೆ, ಗೇರಿನ ಕೆಲಸವನ್ನೂ ಅದಕ್ಕೇ ಒಪ್ಪಿಸಿದರೆ ಹೆಬ್ಬೆರಳಿಗೆ ಬಿಡುವು. ಬ್ರೇಕ್ ಹಿಡಿದಿರುವಾಗಲೇ ಗೇರೂ ಬದಲಾಯಿಸಬಹುದು. ಇದಕ್ಕೆ ಜೊತೆಯಾಗಿ, ಅದಕ್ಕೂ ಮುಂಚೆಯೇ ರೂಪಿಸಿದ್ದ ರ್ಯಾಪಿಡ್ ರೈಸ್ ಎಂಬ ಡಿರೈಲರನ್ನು ಮುಂದಿಟ್ಟರು. ಮಾಮೂಲಿ ಡಿರೈಲರಿನ ಸ್ಪ್ರಿಂಗು ಚೈನನ್ನು ಚಿಕ್ಕ ಹಲ್ಲುಗಾಲಿಯ ಕಡೆಗೆ ಸೆಳೆಯುತ್ತದೆ, ಇದರದ್ದು ದೊಡ್ಡದರ ಕಡೆಗೆ. ಹಾಗಾಗಿ ಲಿವರನ್ನು ಮೇಲಕ್ಕೆ ತಟ್ಟಿ ಕೇಬಲ್ ಸಡಿಲಿಸಿದರೆ ಸ್ಪ್ರಿಂಗೇ ಹಗುರ ಗೇರಿಗೆ ತಂದು ಬಿಡುತ್ತದೆ. ರಿಮ್ ಬ್ರೇಕಿಗೂ ಹೈಡ್ರಾಲಿಕ್ ಡಿಸ್ಕಿಗೂ ಬೇರೆ ಬೇರೆ ಮಾದರಿ ಮಾಡಿದರು. ವರ್ಷದೊಳಗೆ ಕೆಳಗಿನ ಶ್ರೇಣಿಯ ಎಕ್ಸ್‌ಟಿಗೂ, ಆಮೇಲೆ ಎಲ್‌ಎಕ್ಸ್‌ಗೂ ಅದನ್ನು ಇಳಿಸಿದರು. ಕಾಗದದ ಮೇಲೆ ನೋಡಿದರೆ ಸೊಗಸಾದ ವ್ಯವಸ್ಥೆ.

ಆದರೆ ಬ್ರೇಕ್ ಹಿಡಿದುಕೊಂಡೇ ಗೇರ್ ಬದಲಿಸುವುದು ಎಂಬ ಮುಖ್ಯ ಹೆಗ್ಗಳಿಕೆಯನ್ನು ಸ್ವಲ್ಪ ಕೆದಕಿ ನೋಡಬೇಕು. ಡಿರೈಲರು ಕೆಲಸ ಮಾಡಲು ಚೈನು ಓಡುತ್ತಿರಬೇಕು. ಚೈನು ಓಡಲು ಕಾಲು ತುಳಿಯುತ್ತಿರಬೇಕು. ಕಡಿದಾದ ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿಯುವ ಸವಾರ ತುಳಿಯುವುದನ್ನು ನಿಲ್ಲಿಸಿ, ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು, ಮೈಭಾರವನ್ನು ಹಿಂದಕ್ಕೆ ಹಾಕಿ ನಿಂತಿರುತ್ತಾನೆ. ಆಗ ಲಿವರನ್ನು ಎಷ್ಟು ಸಲ ತಟ್ಟಿದರೂ ಕೇಬಲ್ ಸರಿಯುತ್ತದೆಯೇ ಹೊರತು ಚೈನು ಜಾಗ ಬಿಡುವುದಿಲ್ಲ. ಮತ್ತೆ ತುಳಿಯತೊಡಗಿದ ಕೂಡಲೇ ಬಾಕಿ ಇದ್ದ ಗೇರುಗಳೆಲ್ಲ ಒಮ್ಮೆಲೇ ಕಟಕಟನೆ ಬೀಳುತ್ತವೆ. ತಿರುವಿನ ಮುಂಚೆ ಹಗುರವಾಗಿ ಬ್ರೇಕ್ ಒತ್ತುತ್ತಾ ತುಳಿಯುತ್ತಲೂ ಇರುವ ಗಳಿಗೆಗಳು ಇಲ್ಲವೆಂದಲ್ಲ. ಇಳಿದು ತಟ್ಟನೆ ಏರುವ ದಾರಿಯಲ್ಲಿ ಅಂಥವು ಸಾಕಷ್ಟು ಸಿಗುತ್ತವೆ, ಅಲ್ಲಿ ಡ್ಯುಯಲ್ ಕಂಟ್ರೋಲ್ ನಿಜಕ್ಕೂ ಚುರುಕು. ಆದರೆ ಆ ಗಳಿಗೆಯಲ್ಲಿ ತೋರುಬೆರಳು ಬ್ರೇಕಿನ ಮೇಲಿದ್ದರೂ ಹೆಬ್ಬೆರಳಿನಿಂದ ಬಿಡಿ ಶಿಫ್ಟರನ್ನು ಒತ್ತಲು ಅಡ್ಡಿಯೇನಿತ್ತು? ಅಡ್ಡಿ ಇದ್ದದ್ದು ಒಂದೇ ದಿಕ್ಕಿನಲ್ಲಿ. ರ್ಯಾಪಿಡ್‌ಫೈರ್‌ನಲ್ಲಿ ಭಾರ ಗೇರಿಗೆ ಬಿಡಲು ತೋರುಬೆರಳೇ ಬೇಕಿತ್ತು, ಅದು ಬ್ರೇಕಿನಲ್ಲಿ ಸಿಕ್ಕಿಕೊಂಡಿರುತ್ತದೆ. ಸ್ರ್ಯಾಮ್‌ನ ಟ್ರಿಗರ್ ಶಿಫ್ಟರುಗಳಲ್ಲಿ ಎರಡೂ ಲಿವರು ಹೆಬ್ಬೆರಳಿಗೇ ಇದ್ದುದರಿಂದ ಆ ತೊಡಕೇ ಇಲ್ಲ. ಶಿಮಾನೊ ಕೂಡ 2006ರ ಹೊತ್ತಿಗೆ ಬಿಡುವ ಲಿವರನ್ನು ತೋರುಬೆರಳಿನಿಂದಲೂ ಎಳೆಯಬಹುದು, ಹೆಬ್ಬೆರಳಿನಿಂದಲೂ ಒತ್ತಬಹುದು ಎಂಬಂತೆ ಮಾಡಿತು. ಡ್ಯುಯಲ್ ಕಂಟ್ರೋಲಿನ ಮುಖ್ಯ ಸಮರ್ಥನೆ ಹೀಗೆ ಅದರ ತವರಿನಲ್ಲೇ ಕಳಚಿಬಿತ್ತು.

ಎರಡನೆಯ ತೊಡಕು ದಿಕ್ಕಿನದು. ರಸ್ತೆಯ ಎಸ್‌ಟಿಐನಲ್ಲಿ ಗೇರಿಗಾಗಿ ಲಿವರನ್ನು ಒಳಕ್ಕೆ, ಅಡ್ಡವಾಗಿ ತಳ್ಳುತ್ತಾರೆ. ಬ್ರೇಕಿಗಾಗಿ ಹಿಂದಕ್ಕೆ ಎಳೆಯುತ್ತಾರೆ. ರಸ್ತೆಯ ಕುಲುಕಾಟ ಬರುವುದು ಕೆಳಗಿನಿಂದ ಮೇಲಕ್ಕೆ. ಮೂರೂ ಮೂರು ದಿಕ್ಕು, ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ. ನೇರ ಹ್ಯಾಂಡಲಿನ ಡ್ಯುಯಲ್ ಕಂಟ್ರೋಲಿನಲ್ಲಿ ಗೇರಿನ ಚಲನೆ ಮೇಲಕ್ಕೆ ಮತ್ತು ಕೆಳಕ್ಕೆ, ಅಂದರೆ ಕಲ್ಲು ಬೇರುಗಳ ದಾರಿ ಹ್ಯಾಂಡಲನ್ನು ಎತ್ತಿ ಕುಕ್ಕುವ ದಿಕ್ಕಿನಲ್ಲೇ. ಲಿವರಿನ ಮೇಲೆ ಒರಗಿದ ಬೆರಳು ಕುಕ್ಕಿದಾಗ ಬಯಸದ ಗೇರು ಬೀಳುವ ಸಾಧ್ಯತೆ ಹುಟ್ಟಿದ್ದೇ ಇಲ್ಲಿ. ಲಿವರು ಸುಮ್ಮನೆ ತಾಕಿದ್ದಕ್ಕೆ ಕದಲುವಷ್ಟು ಸಡಿಲವೇನಲ್ಲ, ರೂಢಿಯಾದವರಿಗೆ ಈ ತೊಂದರೆ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು. ಆದರೆ ಮೇಲಕ್ಕೆ ತಟ್ಟಲು ಬೆರಳನ್ನು ಲಿವರಿನ ಕೆಳಗೆ ತೂರಿಸಿ ಅದರ ಬೆನ್ನಿನಿಂದ ಎತ್ತಬೇಕು. ಆ ಕ್ಷಣದಲ್ಲಿ ಬೆರಳು ಬ್ರೇಕ್ ಹಿಡಿಯುವ ಭಂಗಿಯಲ್ಲಿ ಇರುವುದಿಲ್ಲ. ದಪ್ಪ ಕೈಗವಸು, ಮೆತ್ತಿದ ಕೆಸರು, ಚಳಿಗೆ ಮರಗಟ್ಟಿದ ಬೆರಳು ಸೇರಿದರೆ ಈ ಸಣ್ಣ ವಿಳಂಬ ದೊಡ್ಡದಾಗುತ್ತದೆ. ಬ್ರೇಕು ಜೀವ ಕಾಯುವ ಸಾಧನ, ಗೇರು ಶ್ರಮ ಉಳಿಸುವ ಸಾಧನ. ಮೊದಲನೆಯದರ ಲಿವರಿಗೆ ಎರಡನೆಯದರ ಚಾಕರಿ ಹೊರಿಸುವಾಗ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಅದನ್ನು ಮೆಚ್ಚಿದವರೂ ಇದ್ದರು, ಈಗಲೂ ಇದ್ದಾರೆ. ಅವರ ಮಾತನ್ನು ಬರೀ ಚಟ ಎಂದು ತಳ್ಳಿಹಾಕುವಂತಿಲ್ಲ. ಹೆಬ್ಬೆರಳಿನ ಬುಡದ ಕೀಲು ಸವೆದವರಿಗೆ, ಸಂಧಿವಾತ ಇರುವವರಿಗೆ ದಿನಕ್ಕೆ ನೂರಾರು ಸಲ ಹೆಬ್ಬೆರಳು ಒತ್ತುವುದು ಶಿಕ್ಷೆ. ಬೆರಳುಗಳನ್ನು ಗುಂಪಾಗಿ ಬಳಸಿ ಕೆಳಕ್ಕೆ ತಳ್ಳುವ ಲಿವರು ಅವರ ಪಾಲಿಗೆ ಔಷಧವೇ ಆಗಿತ್ತು. ಹ್ಯಾಂಡಲು ಅಚ್ಚುಕಟ್ಟಾಗಿ ಕಾಣುತ್ತದೆ, ಒಂದು ಕ್ಲಾಂಪಿನ ತೂಕ ಉಳಿಯುತ್ತದೆ ಎಂಬ ವಾದಗಳೂ ಇವೆ. ತೂಕದ್ದು ಗ್ರಾಮುಗಳ ಲೆಕ್ಕ, ಅಲ್ಲಿಗೆ ಬಿಡೋಣ. ಅಚ್ಚುಕಟ್ಟಿನ ವಾದಕ್ಕೆ ಎದುರಾಗಿ ಹೊಂದಾಣಿಕೆಯ ಮಾತೊಂದಿದೆ. ಒಂದೇ ಬೆರಳಿನಲ್ಲಿ ಬ್ರೇಕ್ ಹಿಡಿಯುವವರು ಲಿವರನ್ನು ಹಿಡಿಯಿಂದ ಒಳಕ್ಕೆ ಸರಿಸುತ್ತಾರೆ, ತುದಿಯಲ್ಲಿ ಎಳೆದಷ್ಟೂ ಬಲ ಹೆಚ್ಚು ಸಿಗುತ್ತದೆ ಎಂದು. ಹಾಗೆ ಸರಿಸಿದಾಗ ಕೂಡು ಲಿವರಿನ ಗೇರ್ ಗುಂಡಿಯೂ ಒಳಕ್ಕೆ ಹೋಗಿ ಚಿಕ್ಕ ಕೈಯವರ ಹೆಬ್ಬೆರಳಿಗೆ ಎಟಕುವುದಿಲ್ಲ. ಲಿವರಿನ ಓರೆ ಬದಲಿಸಿದರೂ ಅಷ್ಟೇ, ಇಳಿಜಾರಿಗೆಂದು ಬ್ರೇಕನ್ನು ಮೇಲಕ್ಕೆ ತಿರುಗಿಸಿದರೆ ಶಿಫ್ಟರು ಮೊಳಕಾಲಿನ ಕಡೆ ಮುಖ ಮಾಡುತ್ತದೆ. ಎರಡು ಬೆರಳುಗಳ ಉದ್ದವೇ ಮನುಷ್ಯರಿಂದ ಮನುಷ್ಯರಿಗೆ ಬೇರೆ ಇರುವಾಗ ಎರಡು ಲಿವರುಗಳ ಅಂತರವನ್ನು ಕಾರ್ಖಾನೆಯಲ್ಲೇ ನಿಗದಿ ಮಾಡುವುದು ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಹೊಲಿದ ಹಾಗೆ.

ಮಾರುಕಟ್ಟೆಯ ತೀರ್ಪು ಬೇಗ ಬಂತು. 2003ರ ಎಕ್ಸ್‌ಟಿಆರ್‌ನಲ್ಲಿ ಬಿಡಿ ಶಿಫ್ಟರಿನ ಆಯ್ಕೆಯನ್ನೇ ಇಡದಿದ್ದದ್ದು ಅನೇಕರನ್ನು ಕೆರಳಿಸಿತು, ಹಳೆಯ ರ್ಯಾಪಿಡ್‌ಫೈರನ್ನೇ ಹೊಸ ಸೆಟ್ಟಿಗೆ ಕಟ್ಟಿಕೊಂಡವರು ಕಡಿಮೆಯಿಲ್ಲ. ಅದೇ ಸುಮಾರಿಗೆ ಸ್ರ್ಯಾಮ್ ತನ್ನ ಟ್ರಿಗರ್ ಶಿಫ್ಟರುಗಳೊಂದಿಗೆ ಮುನ್ನುಗ್ಗಿತು. 2006ರಲ್ಲಿ ಪ್ರಕಟವಾದ ಮುಂದಿನ ಎಕ್ಸ್‌ಟಿಆರ್‌ನಲ್ಲಿ ಶಿಮಾನೊ ಎರಡನ್ನೂ ಇಟ್ಟು ಆಯ್ಕೆಯನ್ನು ಸವಾರನಿಗೆ ಬಿಟ್ಟಿತು, 2010ರದ್ದರಲ್ಲಿ ಡ್ಯುಯಲ್ ಕಂಟ್ರೋಲ್ ಇರಲೇ ಇಲ್ಲ. ಆದರೆ ಇದನ್ನು ಬಿಡಿ ಲಿವರಿನ ಸರಳ ವಿಜಯ ಎನ್ನಲಾಗದು. ಕೂಡು ಲಿವರಿನ ಅಚ್ಚುಕಟ್ಟು ಸವಾರರಿಗೆ ಬೇಕೇ ಆಗಿತ್ತು. ಅದಕ್ಕೆ ಉತ್ತರವಾಗಿ ಸ್ರ್ಯಾಮ್‌ನಿಂದ ಮ್ಯಾಚ್‌ಮೇಕರ್, ಶಿಮಾನೊದಿಂದ ಐ-ಸ್ಪೆಕ್ ಬಂದವು: ಬ್ರೇಕಿನ ಕ್ಲಾಂಪಿಗೇ ಶಿಫ್ಟರನ್ನು ನೇತುಹಾಕಿ ಒಂದು ಸ್ಕ್ರೂ ಬಿಗಿಯುವ ಏರ್ಪಾಡು. ಬೇಕಾದರೆ ಅತ್ತಿತ್ತ ಸರಿಸಬಹುದು, ಕೆಟ್ಟರೆ ಅದೊಂದನ್ನೇ ಬಿಚ್ಚಬಹುದು. ಗೋಡೆ ಹಂಚಿಕೊಂಡ ಎರಡು ಮನೆ. ಈ ಏರ್ಪಾಡೂ ದೋಷಮುಕ್ತವಲ್ಲ. ಐ-ಸ್ಪೆಕ್ ಹೆಸರಿನಲ್ಲೇ ಎ, ಬಿ, ಟು, ಇವಿ ಎಂದು ನಾಲ್ಕು ನಮೂನೆ ಬಂದು ಒಂದರದ್ದು ಇನ್ನೊಂದಕ್ಕೆ ಕೂರದೆ, ಬಿಡಿಭಾಗ ತರಿಸುವವರ ತಲೆ ತಿಂದಿವೆ. ಬೆಸೆಯುವ ಚಪಲ ಸುಲಭಕ್ಕೆ ಬಿಡುವುದಿಲ್ಲ. ಆದರೂ ಅಂಥ ಹೊತ್ತಿನಲ್ಲಿ ಒಂದು ಸಾಮಾನ್ಯ ಕ್ಲಾಂಪ್ ತಂದು ಎರಡನ್ನೂ ಬೇರೆ ಬೇರೆ ಬಿಗಿದು ಮುಂದುವರಿಯುವ ದಾರಿ ಇದ್ದೇ ಇದೆ.

ಆಮೇಲೆ ನಡೆದದ್ದು ಯಾರೂ ಎಣಿಸದ ತಿರುವು. 2012ರಲ್ಲಿ ಸ್ರ್ಯಾಮ್‌ನ ಎಕ್ಸ್‌ಎಕ್ಸ್1 ಮುಂದಿನ ಹಲ್ಲುಗಾಲಿಯನ್ನು ಒಂದಕ್ಕೆ ಇಳಿಸಿ, ಮುಂದಿನ ಡಿರೈಲರನ್ನೇ ಕಿತ್ತುಹಾಕಿತು. ಉಳಿದವರೂ ಹಿಂಬಾಲಿಸಿದರು. ಎಡಗೈಯ ಶಿಫ್ಟರಿಗೆ ಕೆಲಸವೇ ಇಲ್ಲದಾಯಿತು. ಅದೇ ಕಾಲಕ್ಕೆ, ಸವಾರಿಯ ನಡುವೆಯೇ ಸೀಟನ್ನು ಇಳಿಸಿ ಏರಿಸುವ ಡ್ರಾಪರ್ ಪೋಸ್ಟು ಮನೆಮಾತಾಗಿ, ಅದರ ಲಿವರು ಎಡಗೈಯ ಆ ಖಾಲಿ ಜಾಗಕ್ಕೆ ಬಂದು ಕೂತಿತು. ಬಿಡಿ ಲಿವರಿನವನಿಗೆ ಇದು ಒಂದು ಸ್ಕ್ರೂ ಬಿಚ್ಚಿ ಇನ್ನೊಂದು ಬಿಗಿಯುವ ಅರ್ಧ ಗಂಟೆಯ ಕೆಲಸ. ಕೂಡು ಲಿವರಿನವನ ಹ್ಯಾಂಡಲಿನಲ್ಲಿ ಮಾತ್ರ ಸತ್ತ ಶಿಫ್ಟರು ಬ್ರೇಕಿಗೆ ಜೋತುಬಿದ್ದೇ ಇರುತ್ತದೆ, ಡ್ರಾಪರಿಗೆ ಜಾಗ ಕೊಡುವುದಿಲ್ಲ.

ಹಾಗಾದರೆ ಅಗ್ಗದ ಸೈಕಲ್ಲಿನಲ್ಲಿ ಇದು ಏಕೆ ಉಳಿಯಿತು? ನಮ್ಮ ಊರುಗಳಲ್ಲಿ ‘ಗೇರ್ ಸೈಕಲ್’ ಎಂದು ಮಾರುವ, ಮುಂದೆ ಮೂರು ಹಿಂದೆ ಏಳು ಹಲ್ಲುಗಾಲಿಯ 21 ಗೇರಿನ ಸೈಕಲ್ಲುಗಳ ಹ್ಯಾಂಡಲ್ ನೋಡಿದರೆ ಎಷ್ಟೋ ಸಲ ಕಾಣುವುದು ಶಿಮಾನೊದ ಇಝಡ್-ಫೈರ್ ಬಗೆಯ ಕೂಡು ಲಿವರು. ಕಾರಣ ಕಾರ್ಖಾನೆಯ ಲೆಕ್ಕವೇ: ಕಡಿಮೆ ಭಾಗ, ಕಡಿಮೆ ಜೋಡಣೆ, ಕಡಿಮೆ ಬೆಲೆ. ಇದನ್ನು ಮೋಸ ಎನ್ನಲಾರೆ. ಈ ಸೈಕಲ್ಲುಗಳಲ್ಲಿ ಏಳು ಗೇರು ಏಳಾಗಿಯೇ, ವಿ-ಬ್ರೇಕು ವಿ-ಬ್ರೇಕಾಗಿಯೇ ಉಳಿಯುತ್ತದೆ. ಮೇಲ್ದರ್ಜೆಯಲ್ಲಿ ಕೂಡು ಲಿವರನ್ನು ಕೊಂದ ಬದಲಾವಣೆಯ ಓಟ ಇಲ್ಲಿಗೆ ತಲುಪುವುದೇ ನಿಧಾನ. ಕೇಬಲ್ ಬ್ರೇಕಾದ್ದರಿಂದ ಎಡಬಲ ಅದಲುಬದಲು ಮಾಡುವುದೂ ಸುಲಭ. ಮೋಟರ್ ಸೈಕಲ್ಲಿನ ರೂಢಿಯಂತೆ ಮುಂದಿನ ಬ್ರೇಕು ಬಲಗೈಗೇ ಬೇಕೆನ್ನುವವರು ಎರಡು ಕೇಬಲ್ ಬದಲಿಸಿಕೊಂಡರೆ ಮುಗಿಯಿತು, ಎಣ್ಣೆ ಸುರಿದು ಗಾಳಿ ತೆಗೆಯುವ ರಗಳೆ ಇಲ್ಲ. ಆದರೆ ಸವೆತಕ್ಕೆ ಬೆಲೆಯ ಭೇದವಿಲ್ಲ. ಸಕಲೇಶಪುರದ, ಕೊಡಗಿನ ಮಳೆಗಾಲ ಕಂಡ ಶಿಫ್ಟರಿನೊಳಗೆ ನೀರು ಹೊಕ್ಕು ಗ್ರೀಸು ತೊಳೆದುಹೋದರೆ ಸೈಕಲ್ ಶಾಪಿನವರು ‘ಸೆಟ್ಟೇ ಬದಲಾಯಿಸಬೇಕು’ ಎನ್ನುವುದರಲ್ಲಿ ವ್ಯಾಪಾರದ ಆಸೆಯಷ್ಟೇ ಇರುವುದಿಲ್ಲ, ಬೇರೆ ದಾರಿಯೇ ಇರುವುದಿಲ್ಲ. ಆ ಹೊತ್ತಿನಲ್ಲಿ ಕೇಳಬೇಕಾದದ್ದು ಅದೇ ಕೂಡು ಲಿವರು ಮತ್ತೊಂದನ್ನಲ್ಲ. ಏಳು ಗೇರಿನ ಬಿಡಿ ಶಿಫ್ಟರು, ವಿ-ಬ್ರೇಕಿನ ಬಿಡಿ ಲಿವರು ಎರಡೂ ದುಬಾರಿ ವಸ್ತುಗಳೇನಲ್ಲ. ಒಮ್ಮೆ ಬೇರ್ಪಡಿಸಿದರೆ ಮುಂದಿನ ಸಲ ಖರ್ಚು ಅರ್ಧವಾಗುತ್ತದೆ.

ಇನ್ನು ಮುಂದಿನ ಮಾತು. 2014ರಲ್ಲಿ ಎಕ್ಸ್‌ಟಿಆರ್ ಡಿಐ2 ಮೌಂಟನ್ ಬೈಕಿನ ಗೇರನ್ನು ವಿದ್ಯುತ್ತಿಗೆ ಒಪ್ಪಿಸಿತು. 2019ರಲ್ಲಿ ಸ್ರ್ಯಾಮ್‌ನ ಈಗಲ್ ಎಎಕ್ಸ್‌ಎಸ್ ತಂತಿಯನ್ನೂ ತೆಗೆದುಹಾಕಿತು. ಕೇಬಲ್ ಎಳೆಯುವ ಬಲ ಬೇಡ, ಹಲ್ಲುಬಿಲ್ಲೆ ಬೇಡ, ಬರೀ ಒಂದು ಗುಂಡಿ ಸಾಕು. ಹೆಬ್ಬೆರಳು ನೋಯುವವರಿಗೆ ಡ್ಯುಯಲ್ ಕಂಟ್ರೋಲ್ ಕೊಟ್ಟಿದ್ದ ಉಪಕಾರದ ಬಹುಭಾಗವನ್ನು ಹಗುರಾಗಿ ಒತ್ತುವ ಈ ಗುಂಡಿ ಮಾಡಿಕೊಟ್ಟಿತು. ಯಂತ್ರದ ಅಡೆತಡೆಗಳೆಲ್ಲ ಹೋದ ಮೇಲೆ, ಆ ಗುಂಡಿಯನ್ನು ಬ್ರೇಕಿನ ಒಡಲಿನೊಳಗೇ ಹುದುಗಿಸುವುದು ಹಿಂದೆಂದಿಗಿಂತ ಸುಲಭವಾಗಿತ್ತು. ಬಾಗಿದ ಹ್ಯಾಂಡಲಿನ ಸೈಕಲ್ಲುಗಳಿಗೆ ಎರಡೂ ಕಂಪನಿಗಳು ಹಾಗೆಯೇ ಮಾಡುತ್ತಿವೆ. ಮೌಂಟನ್ ಬೈಕಿಗೆ ಮಾತ್ರ ಗುಂಡಿಯ ಪುಟ್ಟ ಡಬ್ಬಿ ಬ್ರೇಕಿನ ಪಕ್ಕದಲ್ಲಿ, ಬೇಕಾದರೆ ಅದೇ ಕ್ಲಾಂಪಿಗೆ, ಬಿಚ್ಚಲು ಬರುವಂತೆ, ತನ್ನದೇ ಸ್ಕ್ರೂ ಹಾಕಿಕೊಂಡು ಕೂತಿದೆ.